ಕೇಪ್‌ಟೌನ್‌ನಿಂದ ಬಂದ ‘ಕನ್ನಾ’ ಡಬ್ಬಿ: ಗಾಬರಿಯ ಮಾತ್ರೆ ಬಿಟ್ಟು ಇದನ್ನು ಹಿಡಿಯಬಹುದಾ?

ಪ್ರಶ್ನೆ: ನಾನು ಧಾರವಾಡದ ಕಡೆ ಹೈಸ್ಕೂಲ್ ಟೀಚರ್. ವಯಸ್ಸು 36. ಹೋದ ವರ್ಷ ಸುಮ್‌ಸುಮ್ನೆ ಗಾಬರಿ, ಎದೆ ಡವಡವ, ರಾತ್ರಿಯೆಲ್ಲ ಎಚ್ಚರ. ಡಾಕ್ಟರು ಎಸಿಟಲೋಪ್ರಾಮ್ 10 ಮಿಲಿಗ್ರಾಂ ಮಾತ್ರೆ ಬರೆದುಕೊಟ್ಟರು. ಏಳು ತಿಂಗಳಾಯಿತು, ಈಗ ಎಷ್ಟೋ ಆರಾಮ. ಆದರೆ ಜೀವನಪೂರ್ತಿ ಮಾತ್ರೆ ನುಂಗಬೇಕೇನೋ ಅನ್ನುವ ಚಿಂತೆ. ಕೇಪ್‌ಟೌನ್‌ನಲ್ಲಿ ಕೆಲಸದಲ್ಲಿರುವ ಚಿಕ್ಕಪ್ಪನ ಮಗ ರಜೆಗೆ ಬಂದಾಗ ‘ಕನ್ನಾ’ ಅನ್ನುವ ಗಿಡದ ಕ್ಯಾಪ್ಸೂಲ್ ಡಬ್ಬಿ, ಜೊತೆಗೆ ಒಂದು ಪೊಟ್ಟಣ ಕಂದು ಪುಡಿ ತಂದುಕೊಟ್ಟಿದ್ದಾನೆ. ಅಲ್ಲಿನ ಜನ ನೂರಾರು ವರ್ಷದಿಂದ ತಿನ್ನುತ್ತಾರಂತೆ, ನ್ಯಾಚುರಲ್ ಅಂತೆ, ಸೈಡ್ ಎಫೆಕ್ಟ್ ಇಲ್ಲವಂತೆ. ಮಾತ್ರೆ ಬಿಟ್ಟು ಇದನ್ನು ಹಿಡಿಯಬಹುದಾ? ಇಲ್ಲಾ ಅರ್ಧ ಮಾತ್ರೆ, ಅರ್ಧ ಇದು ಅಂತ ಮಾಡಬಹುದಾ? ಅವ್ವನಿಗೆ 68, ಬಿಪಿ ಮಾತ್ರೆ ತಗೋತಾರೆ, ನಿದ್ದೆ ಬರಲ್ಲ. ಅವರಿಗೂ ಸ್ವಲ್ಪ ಕೊಡಬಹುದಾ? ಡಬ್ಬಿ ಇನ್ನೂ ತೆಗೆದಿಲ್ಲ. ಈ ಗಿಡ ನಮ್ಮ ಮನೆ ಕುಂಡದಲ್ಲಿ ಬರುತ್ತದಾ?

ಉತ್ತರ: ಡಬ್ಬಿ ಇನ್ನೂ ತೆಗೆದಿಲ್ಲ ಎಂದು ಬರೆದಿದ್ದೀರಲ್ಲ, ಹಾಗೇ ಇರಲಿ. ಮಾತ್ರೆ ದಿನಾ ಹೇಗೆ ತೆಗೆದುಕೊಳ್ಳುತ್ತಿದ್ದೀರೋ ಹಾಗೇ ತೆಗೆದುಕೊಳ್ಳುತ್ತಿರಿ. ನಿಮ್ಮ ಮೊದಲ ಮೂರು ಪ್ರಶ್ನೆಗಳಿಗೂ ಉತ್ತರ ‘ಬೇಡ’. ಅದರಲ್ಲೂ ಎರಡನೆಯದಕ್ಕೆ, ಅಂದರೆ ಅರ್ಧ ಅದು ಅರ್ಧ ಇದು ಅನ್ನುವುದಕ್ಕೆ, ಜೋರಾಗಿಯೇ ‘ಬೇಡ’. ಯಾಕೆ ಅನ್ನುವುದನ್ನು ನಿಧಾನವಾಗಿ ಹೇಳುತ್ತೇನೆ.

‘ಆಫ್ರಿಕಾದ ಯಾವುದೋ ಸೊಪ್ಪು, ಅದರಲ್ಲಿ ಏನಿರುತ್ತೆ’ ಎಂದು ನಾನು ತಳ್ಳಿಹಾಕುತ್ತಿಲ್ಲ. ಈ ಗಿಡದಲ್ಲಿ ನಿಜವಾಗಿಯೂ ಔಷಧವಿದೆ. ಅದೇ ಇಲ್ಲಿ ತೊಂದರೆ. ಏನೂ ಕೆಲಸ ಮಾಡದ ಪುಡಿಯಾಗಿದ್ದರೆ ‘ದುಡ್ಡು ದಂಡ, ಬಿಡಿ’ ಎಂದು ಎರಡು ಸಾಲಿನಲ್ಲಿ ಮುಗಿಸುತ್ತಿದ್ದೆ.

ಮೊದಲು ಹೆಸರಿನ ಗೊಂದಲ. ನಮ್ಮಲ್ಲಿ ಕನ್ನ ಅಂದರೆ ಕಳ್ಳರು ಗೋಡೆಗೆ ಹಾಕುವುದು. ತೋಟದಲ್ಲಿ ಅಗಲ ಎಲೆ ಬಿಟ್ಟು ಕೆಂಪು, ಹಳದಿ ಹೂ ಬಿಡುವ ಕ್ಯಾನಾ ಗಿಡ ಬೇರೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ದಕ್ಷಿಣ ಆಫ್ರಿಕಾದಲ್ಲೇ ‘ಗನ್ನಾ’ ಎನ್ನುವ ಇನ್ನೊಂದು ಪೊದೆ ಇದೆ. ಅದರ ಬೂದಿಯನ್ನು ಹಿಂದೆ ಸೋಪು ಮಾಡಲು ಬಳಸುತ್ತಿದ್ದರು. ನಿಮ್ಮ ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ ‘ಸ್ಕೆಲೆಟಿಯಮ್ ಟಾರ್ಚುಯೋಸಮ್’ ಎಂದಿದೆಯೇ ನೋಡಿ. ಇದ್ದರೆ ನಾವು ಒಂದೇ ಗಿಡದ ಮಾತಾಡುತ್ತಿದ್ದೇವೆ.

ಇದು ನೆಲಕ್ಕೆ ಹತ್ತಿಕೊಂಡು ಹಬ್ಬುವ, ರಸ ತುಂಬಿದ ದಪ್ಪ ಎಲೆಯ ಸಣ್ಣ ಗಿಡ. ಹೂವು ಬಿಳಿ, ಕೆನೆ ಬಣ್ಣ ಅಥವಾ ತಿಳಿ ಗುಲಾಬಿ. ಎಲೆಯ ಮೇಲ್ಮೈಯಲ್ಲಿ ನೀರು ತುಂಬಿದ ಪುಟ್ಟ ಪುಟ್ಟ ಗುಳ್ಳೆಗಳಿರುತ್ತವೆ, ಬಿಸಿಲಿಗೆ ಹಿಡಿದರೆ ಮಿಣಮಿಣ ಅನ್ನುತ್ತವೆ. ಹಳೆಯ ಎಲೆ ಒಣಗಿದಾಗ ಉದುರುವುದಿಲ್ಲ. ಮಾಂಸಲ ಭಾಗ ಹೋಗಿ ನರಗಳಷ್ಟೇ ಉಳಿದು ಕಾಂಡಕ್ಕೆ ಅಂಟಿಕೊಂಡಿರುತ್ತದೆ. ಅರಳಿ ಎಲೆಯನ್ನು ನೀರಲ್ಲಿ ನೆನೆಸಿಟ್ಟು ಬಲೆಯಂತೆ ಮಾಡುತ್ತೇವಲ್ಲ, ಹಾಗೆ. ಆ ಅಸ್ಥಿಪಂಜರದ ಎಲೆಗಳೇ ‘ಸ್ಕೆಲೆಟಿಯಮ್’ ಎಂಬ ಹೆಸರಿಗೆ ಕಾರಣ. ದಕ್ಷಿಣ ಆಫ್ರಿಕಾದ ಪಶ್ಚಿಮ ಮತ್ತು ದಕ್ಷಿಣದ ಒಣ ಸೀಮೆಯಲ್ಲಿ, ನಾಮಾಕ್ವಾಲ್ಯಾಂಡ್ ಮತ್ತು ಕರೂ ಎಂದು ಕರೆಯುವ ಕಲ್ಲು ಬಯಲುಗಳಲ್ಲಿ, ಬೇರೆ ಪೊದೆಗಳ ನೆರಳಿನಲ್ಲಿ ಬೆಳೆಯುತ್ತದೆ. ಅಲ್ಲಿನ ಒಂದು ಸ್ಥಳೀಯ ಆಡಳಿತ ಪ್ರದೇಶದ ಹೆಸರೇ ‘ಕನ್ನಾಲ್ಯಾಂಡ್’.

ಇದನ್ನು ಬಳಸುತ್ತಾ ಬಂದವರು ಆ ನೆಲದ ಮೂಲ ಜನ: ಬೇಟೆಯಾಡುತ್ತಿದ್ದ ಸಾನ್ ಜನ ಮತ್ತು ಕುರಿ, ದನ ಮೇಯಿಸುತ್ತಿದ್ದ ಖೋಯ್ ಜನ. ಖೋಯ್ ಭಾಷೆಯಲ್ಲಿ ಕನ್ನಾ ಅಂದರೆ ಎಲಂಡ್ ಎಂಬ ದೊಡ್ಡ ಜಿಂಕೆ ಕೂಡ ಹೌದು. ಸಾನ್ ಜನರ ಬಂಡೆ ಚಿತ್ರಗಳಲ್ಲಿ ಮತ್ತೆ ಮತ್ತೆ ಬರುವ, ಅವರು ತುಂಬ ಗೌರವಿಸುವ ಪ್ರಾಣಿ ಅದು. ಡಚ್ಚರು ಬಂದಮೇಲೆ ಗಿಡಕ್ಕೆ ‘ಕೌಗುಡ್’ ಎಂಬ ಹೆಸರೂ ಬಂತು. ಆಫ್ರಿಕಾನ್ಸ್ ಭಾಷೆಯಲ್ಲಿ ಅದರ ಅರ್ಥ ‘ಅಗಿಯುವ ಸಾಮಾನು’, ಅಷ್ಟೇ. 1685ರಲ್ಲಿ ಕೇಪಿನ ಡಚ್ ಕಮಾಂಡರ್ (ಮುಂದೆ ಗವರ್ನರ್ ಆದವನು) ಸೈಮನ್ ವಾನ್ ಡೆರ್ ಸ್ಟೆಲ್ ತಾಮ್ರ ಹುಡುಕಿಕೊಂಡು ನಾಮಾಕ್ವಾಲ್ಯಾಂಡಿಗೆ ಹೋದ. ಅವನ ಜೊತೆಗಿದ್ದ ಹೆಂಡ್ರಿಕ್ ಕ್ಲಾಡಿಯಸ್ ಎಂಬ ಚಿತ್ರಕಾರ ಈ ಗಿಡವನ್ನೂ ಬರೆದಿದ್ದಾನೆ. 1705ರಿಂದ 1713ರವರೆಗೆ ಕೇಪಿನಲ್ಲಿದ್ದ ಪೀಟರ್ ಕೋಲ್ಬ್ ಎಂಬ ಜರ್ಮನ್, ಇದನ್ನು ಅಗಿದ ಖೋಯ್ ಜನರ ಕಣ್ಣು ಹೊಳೆಯುತ್ತದೆ, ಮುಖದಲ್ಲಿ ನಗು ಬರುತ್ತದೆ, ಜಾಸ್ತಿಯಾದರೆ ಮೈಮೇಲೆ ಎಚ್ಚರ ತಪ್ಪುತ್ತದೆ ಎಂದು ಬರೆದ. ಅವನು ಇದನ್ನು ಚೀನಾದ ಜಿನ್‌ಸೆಂಗ್ ಜೊತೆ ಕಲಸಿಬಿಟ್ಟಿದ್ದಾನೆ, ಹಾಗಾಗಿ ಅವನ ಮಾತನ್ನು ಸ್ವಲ್ಪ ಉಪ್ಪು ಹುಳಿ ಕಳೆದು ಓದಬೇಕು. ಆದರೆ ಜಾಸ್ತಿಯಾದರೆ ಏನಾಗುತ್ತದೆ ಅನ್ನುವ ಮಾತು ಅಷ್ಟು ಹಿಂದೆಯೇ ದಾಖಲಾಗಿದೆ. ನಿಮ್ಮ ತಮ್ಮ ಹೇಳಿದ ‘ನೂರಾರು ವರ್ಷ’ ನಿಜ. ‘ಸೈಡ್ ಎಫೆಕ್ಟ್ ಇಲ್ಲ’ ಅನ್ನುವುದು ಮಾತ್ರ ಆ ನೂರಾರು ವರ್ಷದ ಜನ ಹೇಳಿದ್ದಲ್ಲ.

ಅವರು ಅದನ್ನು ಮಾಡುತ್ತಿದ್ದ ಬಗೆ ನನಗೆ ತುಂಬ ಇಷ್ಟ. ಬೆಳವಣಿಗೆ ಮುಗಿದು ಗಿಡ ಬಲಿತ ಮೇಲೆ ಬೇರು ಸಮೇತ ಕೀಳುತ್ತಾರೆ. ಎರಡು ಕಲ್ಲುಗಳ ನಡುವೆ ಜಜ್ಜುತ್ತಾರೆ. ಹಿಂದೆ ಚರ್ಮದ ಚೀಲ, ಈಗ ಪ್ಲಾಸ್ಟಿಕ್ ಚೀಲ. ಅದರಲ್ಲಿ ತುಂಬಿ, ಬಾಯಿ ಬಿಗಿದು, ಬಿಸಿಲಿಗೆ ಇಡುತ್ತಾರೆ. ಒಳಗೆ ಸೊಪ್ಪು ಬೆವರುತ್ತದೆ. ಎರಡು ಮೂರು ದಿನಕ್ಕೆ ಬಿಚ್ಚಿ, ಕಲಸಿ, ಮತ್ತೆ ಕಟ್ಟುತ್ತಾರೆ. ಎಂಟನೇ ದಿನದ ಹೊತ್ತಿಗೆ ತೆಗೆದು ಹರವಿ ಒಣಗಿಸುತ್ತಾರೆ. ಹಸಿರು ಹೋಗಿ ಹೊಗೆಸೊಪ್ಪಿನಂಥ ಕಂದು ನಾರು ಉಳಿಯುತ್ತದೆ. ನಿಮ್ಮ ಪೊಟ್ಟಣದಲ್ಲಿರುವುದು ಇದರದೇ ಪುಡಿ ಇರಬೇಕು. ಅವಸರವಿದ್ದರೆ ಬೆಂಕಿಯ ಕೆಳಗಿನ ಬಿಸಿ ಮರಳಿನಲ್ಲಿ ಇಡೀ ಗಿಡ ಹುಗಿದು ಬೇಯಿಸುವುದೂ ಉಂಟು.

ಇಷ್ಟೆಲ್ಲ ಯಾಕೆ? ಹಸಿ ಎಲೆಯಲ್ಲಿ ಆಕ್ಸಲೇಟ್ ಜಾಸ್ತಿ. ಹಸಿ ಕೆಸುವಿನ ಎಲೆ ಬಾಯಿಗಿಟ್ಟರೆ ಗಂಟಲು ಕೆರೆಯುವುದು ಆಕ್ಸಲೇಟಿನ ಸೂಜಿಯಂಥ ಹರಳುಗಳಿಂದಲೇ. ಪತ್ರೊಡೆ ಮಾಡುವವರು ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸುವುದು ಸುಮ್ನೆ ಅಲ್ಲ. ಕೊಳೆಹಾಕಿ ಹದ ಮಾಡುವುದರಿಂದ ಆಕ್ಸಲೇಟ್ ಕಡಿಮೆಯಾಗುತ್ತದೆ ಎನ್ನುವುದು ಒಂದು ವಿವರಣೆ. ಇನ್ನೊಂದು, ಒಳಗಿನ ಔಷಧದ ಅಂಶಗಳೇ ಈ ಎಂಟು ದಿನದಲ್ಲಿ ಒಂದರಿಂದ ಇನ್ನೊಂದಕ್ಕೆ ಬದಲಾಗುತ್ತವೆ. ಹಸಿ ಗಿಡ, ಕೊಳೆಹಾಕಿದ ಗಿಡ, ಕಾರ್ಖಾನೆಯಲ್ಲಿ ಸಾರ ತೆಗೆದ ಕ್ಯಾಪ್ಸೂಲ್: ಹೆಸರು ಒಂದೇ ಆದರೂ ಮೂರೂ ಬೇರೆ ಬೇರೆ ಸಾಮಾನು.

ಹದ ಮಾಡಿದ ನಾರನ್ನು ಒಂದು ಚಿಟಿಕೆ ಬಾಯಲ್ಲಿಟ್ಟು ಅಗಿಯುತ್ತಾರೆ. ನಶ್ಯದಂತೆ ಮೂಗಿಗೆ ಏರಿಸುತ್ತಾರೆ. ಚಹಾದಂತೆ ಕುದಿಸುತ್ತಾರೆ, ಸೇದುತ್ತಾರೆ. ಕುರಿ ಕಾಯುವವರು ಹಸಿವು, ಬಾಯಾರಿಕೆ ತಡೆಯಲು ಅಗಿಯುತ್ತಿದ್ದರು. ಹಲ್ಲು ನೋವಿಗೆ, ಹೊಟ್ಟೆ ನೋವಿಗೆ ಬಳಸುತ್ತಿದ್ದರು. ಗುಂಪಿನಲ್ಲಿ ಕೂತು ಮಾತಾಡುವಾಗ ಕೈ ಬದಲಾಗುತ್ತಿತ್ತು. ನಮ್ಮ ಕಡೆ ಎಲೆಅಡಿಕೆ ತಟ್ಟೆ ಮುಂದಿಡುವ ಹಾಗೆ. ‘ಡಿಪ್ರೆಶನ್’ ಅನ್ನುವ ಕಾಯಿಲೆಗೆ ದಿನಾ ಬೆಳಿಗ್ಗೆ ಒಂದು, ಆರು ತಿಂಗಳ ಕೋರ್ಸು ಎಂದು ಅವರು ಯಾವತ್ತೂ ಬಳಸಿದ್ದಲ್ಲ.

ನಾನು ಔಷಧಶಾಸ್ತ್ರ ಪಾಠ ಮಾಡುವವನು. ಕುತೂಹಲ ಜಾಸ್ತಿ. ಎಷ್ಟೋ ವರ್ಷದ ಹಿಂದೆ ಗೆಳೆಯರೊಬ್ಬರು ತಂದಿದ್ದ ಕೌಗುಡ್ ಒಂದು ಚಿಟಿಕೆ ಅಗಿದು ನೋಡಿದ್ದೆ. ಆಗ ಬೇರೆ ಯಾವ ಮಾತ್ರೆಯೂ ತೆಗೆದುಕೊಳ್ಳುತ್ತಿರಲಿಲ್ಲ. ಕಹಿ, ಹಿಂದೆ ಸ್ವಲ್ಪ ಒಗರು. ನಾಲಿಗೆಯ ತುದಿ ಜೋಮು ಹಿಡಿದ ಹಾಗಾಯಿತು. ಅರ್ಧ ಗಂಟೆಗೆ ತಲೆ ಹಗುರ ಅನ್ನಿಸಿತೋ, ಅನ್ನಿಸಲಿ ಎಂದು ಕಾಯುತ್ತಿದ್ದೆನೋ ಹೇಳಲಾರೆ. ಸಂಜೆಗೆ ಸಣ್ಣಗೆ ತಲೆನೋವು ಬಂದಿದ್ದು ಮಾತ್ರ ಖಂಡಿತ. ಮೊದಲ ಸಲ ಹೊಗೆಸೊಪ್ಪು ಹಾಕಿಕೊಂಡು ಬೆವರುತ್ತಾ ಕೂತ ಹುಡುಗನ ಹಾಗೆ ನನ್ನ ಮುಖ ಇತ್ತು ಎಂದು ಮನೆಯವರು ಈಗಲೂ ನಗುತ್ತಾರೆ. ಇದನ್ನು ಸಾಕ್ಷಿ ಎಂದು ಹೇಳುತ್ತಿಲ್ಲ. ಒಬ್ಬ ಮನುಷ್ಯ, ಒಂದು ಚಿಟಿಕೆ, ಅದರಿಂದ ಏನೂ ಸಾಬೀತಾಗುವುದಿಲ್ಲ.

ಇನ್ನು ಒಳಗಿನ ವಿಷಯ. ಗಿಡದಲ್ಲಿ ಮೆಸೆಂಬ್ರಿನ್, ಮೆಸೆಂಬ್ರಿನೋನ್ ಮತ್ತು ಅವುಗಳ ಅಣ್ಣ ತಮ್ಮಂದಿರಂಥ ಕೆಲವು ಅಂಶಗಳಿವೆ. ಎರಡು ನರಕೋಶಗಳ ನಡುವೆ ಸಣ್ಣ ಸಂದು ಇರುತ್ತದೆ. ಒಂದು ಕೋಶ ಸೆರೊಟೋನಿನ್ ಎಂಬ ರಾಸಾಯನಿಕವನ್ನು ಆ ಸಂದಿಗೆ ಬಿಡುತ್ತದೆ, ಪಕ್ಕದ ಕೋಶಕ್ಕೆ ಸುದ್ದಿ ಮುಟ್ಟುತ್ತದೆ. ಆಮೇಲೆ ಬಿಟ್ಟ ಕೋಶವೇ ಅದನ್ನು ವಾಪಸ್ ಎಳೆದುಕೊಳ್ಳುತ್ತದೆ. ವಾಪಸ್ ಎಳೆಯುವುದಕ್ಕೆ ಗೋಡೆಯಲ್ಲಿ ಒಂದು ಬಾಗಿಲಿದೆ ಎಂದುಕೊಳ್ಳಿ. ಮೆಸೆಂಬ್ರಿನ್ ಆ ಬಾಗಿಲಿಗೆ ಅಡ್ಡ ನಿಲ್ಲುತ್ತದೆ. ಸೆರೊಟೋನಿನ್ ಸಂದಿನಲ್ಲೇ ಜಾಸ್ತಿ ಹೊತ್ತು ಉಳಿಯುತ್ತದೆ.

ನಿಮ್ಮ ಎಸಿಟಲೋಪ್ರಾಮ್ ಮಾಡುವುದೂ ಇದನ್ನೇ. ಅದೇ ಬಾಗಿಲು, ಅದೇ ಅಡ್ಡ. ವ್ಯತ್ಯಾಸ ಇಷ್ಟೇ, ಮಾತ್ರೆಯಲ್ಲಿ 10 ಮಿಲಿಗ್ರಾಂ ಅಂದರೆ 10 ಮಿಲಿಗ್ರಾಂ. ಕನ್ನಾ ಅದರ ಜೊತೆಗೆ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಪಿಡಿಇ4 ಎಂಬ ಕಿಣ್ವವನ್ನು ತಡೆಯುತ್ತದೆ. ಹೀಗೆ ಎರಡು ಕಡೆ ಕೈಹಾಕುವುದರಿಂದಲೇ ವಿಜ್ಞಾನಿಗಳಿಗೆ ಇದರ ಮೇಲೆ ಆಸಕ್ತಿ. ‘ನ್ಯಾಚುರಲ್’ ಅಂದರೆ ನಿಮ್ಮ ಮಾತ್ರೆಗಿಂತ ಬೇರೆ ಜಾತಿಯದು ಎಂದು ನಿಮ್ಮ ತಮ್ಮ ಅಂದುಕೊಂಡಿದ್ದಾನೆ. ಮಿದುಳಿನ ಆ ಬಾಗಿಲಿಗೆ ಯಾವುದು ಗಿಡದಿಂದ ಬಂದದ್ದು, ಯಾವುದು ಫ್ಯಾಕ್ಟರಿಯಿಂದ ಬಂದದ್ದು ಅಂತ ಗೊತ್ತಾಗುವುದಿಲ್ಲ.

ಆದ್ದರಿಂದ ಎರಡನ್ನೂ ಒಟ್ಟಿಗೆ ತೆಗೆದುಕೊಂಡರೆ ‘ಅರ್ಧ, ಅರ್ಧ’ ಸೇರಿ ಒಂದಾಗುತ್ತದೆ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಸೆರೊಟೋನಿನ್ ಮಿತಿ ಮೀರಿದರೆ ಕೈಕಾಲು ನಡುಕ, ಬೆವರು, ಭೇದಿ, ಕೂತಲ್ಲಿ ಕೂರಲಾಗದ ತಳಮಳ, ನಾಡಿ ಓಡುವುದು ಶುರುವಾಗುತ್ತದೆ. ಜೋರಾದರೆ ಮೈ ಸೆಟೆದು ಜ್ವರ ಏರುತ್ತದೆ, ಜೀವಕ್ಕೇ ಅಪಾಯ. ಇದಕ್ಕೆ ಸೆರೊಟೋನಿನ್ ಸಿಂಡ್ರೋಮ್ ಎನ್ನುತ್ತಾರೆ. ಕನ್ನಾ ಮತ್ತು ಎಸಿಟಲೋಪ್ರಾಮ್ ಸೇರಿಸಿದ ಎಲ್ಲರಿಗೂ ಹೀಗಾಗುತ್ತದೆ ಎಂದಲ್ಲ. ಒಂದೇ ಬಾಗಿಲಿಗೆ ಎರಡು ಬೀಗ ಹಾಕುವಾಗ ಎರಡನೇ ಬೀಗದ ತೂಕ ಎಷ್ಟು ಅಂತ ತಿಳಿದಿರಬೇಕು. ಅದು ತಿಳಿಯದೆ ಇರುವುದೇ ಇಲ್ಲಿನ ಅಪಾಯ. ಇನ್ನೊಂದು ವಿಷಯ ನೋಡಿ. ಈ ಶುರುವಿನ ಲಕ್ಷಣಗಳು, ನಡುಕ, ಬೆವರು, ಎದೆ ಡವಡವ, ನಿಮ್ಮ ಗಾಬರಿಯ ಲಕ್ಷಣಗಳ ಹಾಗೇ ಇವೆ. ‘ಗಾಬರಿ ಮತ್ತೆ ಬಂತು’ ಎಂದುಕೊಂಡು ನೀವು ಇನ್ನೊಂದು ಕ್ಯಾಪ್ಸೂಲ್ ನುಂಗಿದರೆ? ನನಗೆ ಹೆದರಿಕೆ ಇರುವುದು ಅಲ್ಲಿ.

ಇದೇ ಕಾರಣಕ್ಕೆ ಇದೊಂದನ್ನು ಈಗಲೇ ಹೇಳಿಬಿಡುತ್ತೇನೆ. ಡೆಕ್ಸ್‌ಟ್ರೊಮೆಥಾರ್ಫಾನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್ ಎಂಬ ನೋವಿನ ಮಾತ್ರೆ, ಇವೂ ಸೆರೊಟೋನಿನ್ ಕಡೆಗೆ ಕೈ ಹಾಕುವಂಥವು. ಮೆಡಿಕಲ್ ಶಾಪಿನಲ್ಲಿ ಕೆಮ್ಮಿಗೆ ಏನಾದರೂ ಕೊಡಿ ಎಂದು ಕೇಳುವಾಗ ‘ನಾನು ಎಸಿಟಲೋಪ್ರಾಮ್ ತಗೋತೀನಿ’ ಅಂತ ಒಂದು ಮಾತು ಸೇರಿಸಿ.

ಪುಡಿಯ ತೂಕ ತಿಳಿಯದು ಎಂದೆನಲ್ಲ. ಒಣ ಕನ್ನಾ ಗಿಡದಲ್ಲಿ ಈ ಅಂಶಗಳ ಒಟ್ಟು ಪ್ರಮಾಣ ಶೇ 0.05ರಿಂದ ಶೇ 2.3ರವರೆಗೆ ಕಂಡುಬಂದಿದೆ. ಎಂದರೆ ಒಂದು ಗುಡ್ಡದ ಗಿಡಕ್ಕೂ ಇನ್ನೊಂದು ಗುಡ್ಡದ ಗಿಡಕ್ಕೂ ನಲವತ್ತು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ ಇರಬಹುದು. ಒಂದೇ ಅಂಗಡಿಯ ಮೆಣಸಿನಕಾಯಿಯಲ್ಲಿ ಒಂದು ಬ್ಯಾಡಗಿ, ಇನ್ನೊಂದು ಗುಂಟೂರು ಬಂದರೆ ಅಡುಗೆಯವರು ನಾಲಿಗೆಯಲ್ಲಿ ಹಿಡಿದು ಸರಿಮಾಡುತ್ತಾರೆ. ನಾಮಾಕ್ವಾಲ್ಯಾಂಡಿನ ಅಜ್ಜಿಗೂ ಯಾವ ಇಳಿಜಾರಿನ ಗಿಡ ಎಷ್ಟು ಖಾರ ಅಂತ ಗೊತ್ತಿರುತ್ತದೆ. ಧಾರವಾಡದಲ್ಲಿ ಪೊಟ್ಟಣ ಬಿಚ್ಚುವವರಿಗೆ ಗೊತ್ತಾಗುವುದು ಹೇಗೆ?

‘ಆದರೆ ಪ್ರಯೋಗಗಳಾಗಿವೆಯಂತಲ್ಲ?’ ಎಂದು ನಿಮ್ಮ ತಮ್ಮ ಕೇಳಬಹುದು. ಆಗಿವೆ. ದಕ್ಷಿಣ ಆಫ್ರಿಕಾದ ಒಂದು ಕಂಪನಿ ಗಿಡದ ಸಾರ ತೆಗೆದು, ಪ್ರಮಾಣ ಕಟ್ಟುನಿಟ್ಟು ಮಾಡಿ, ಜೆಂಬ್ರಿನ್ ಎಂಬ ಹೆಸರಿನಲ್ಲಿ ತಂದಿದೆ. ಪ್ರಯೋಗಗಳಲ್ಲಿ ಹೆಚ್ಚಿನವು ಇದರ ಮೇಲೆ ನಡೆದವು. 2013ರಲ್ಲಿ ಪ್ರಕಟವಾದ ಒಂದರಲ್ಲಿ 37 ಜನ ಆರೋಗ್ಯವಂತರಿಗೆ ಮೂರು ತಿಂಗಳು ಕೊಟ್ಟರು. ಕೆಲವರಿಗೆ ದಿನಕ್ಕೆ 8 ಮಿಲಿಗ್ರಾಂ, ಕೆಲವರಿಗೆ 25, ಇನ್ನು ಕೆಲವರಿಗೆ ಔಷಧವೇ ಇಲ್ಲದ ಬರೀ ಸುಳ್ಳು ಮಾತ್ರೆ. ದೊಡ್ಡ ತೊಂದರೆ ಯಾರಿಗೂ ಆಗಲಿಲ್ಲ. ತಲೆನೋವಿನಂಥ ಸಣ್ಣಪುಟ್ಟವು ಸುಳ್ಳು ಮಾತ್ರೆ ನುಂಗಿದವರಿಗೂ ಬಂದವು. ಅದೇ ವರ್ಷದ ಇನ್ನೊಂದು ಪ್ರಯೋಗ ನನಗೆ ಹೆಚ್ಚು ಸ್ವಾರಸ್ಯ ಅನ್ನಿಸುತ್ತದೆ. ಮಿದುಳಿನೊಳಗೆ ಬಾದಾಮಿ ಗಾತ್ರದ ಅಮಿಗ್ಡಾಲಾ ಎಂಬ ಭಾಗವಿದೆ. ನಮ್ಮ ಹೆದರಿಕೆಯ ಗಂಟೆ ಅದು. 16 ಜನ ಆರೋಗ್ಯವಂತರಿಗೆ ಒಂದೇ ಒಂದು 25 ಮಿಲಿಗ್ರಾಂ ಡೋಸ್ ಕೊಟ್ಟು, ಸ್ಕ್ಯಾನಿಂಗ್ ಯಂತ್ರದಲ್ಲಿ ಮಲಗಿಸಿ, ಹೆದರಿದ ಮುಖಗಳ ಚಿತ್ರ ತೋರಿಸಿದರು. ಸುಳ್ಳು ಮಾತ್ರೆಗೆ ಹೋಲಿಸಿದರೆ ಆ ಗಂಟೆ ಮೆಲ್ಲಗೆ ಬಾರಿಸಿತು.

ಚೆನ್ನಾಗಿದೆ. ಆದರೆ ಈ ಜನ ಯಾರು ನೋಡಿ. ಆರೋಗ್ಯವಂತರು. ಗಾಬರಿ ಕಾಯಿಲೆ ಇದ್ದು, ಏಳು ತಿಂಗಳಿಂದ ಎಸಿಟಲೋಪ್ರಾಮ್ ತೆಗೆದುಕೊಳ್ಳುತ್ತಿರುವ ಟೀಚರ್ ಅವರಲ್ಲಿ ಒಬ್ಬರೂ ಇಲ್ಲ. ಸಂಖ್ಯೆ 37, 16. ಒಂದು ಶಾಲೆಯ ಒಂದೇ ತರಗತಿಯಷ್ಟೂ ಇಲ್ಲ. ಇವುಗಳಿಂದ ‘ಈ ಗಿಡವನ್ನು ಇನ್ನೂ ಚೆನ್ನಾಗಿ ಪರೀಕ್ಷಿಸಬೇಕು’ ಎಂದು ಹೇಳಬಹುದು. ‘ನಿಮ್ಮ ಮಾತ್ರೆಯ ಬದಲಿಗೆ ಇದು’ ಎಂದು ಹೇಳಲು ಬರುವುದಿಲ್ಲ. ಅದೂ ಅಳತೆ ಮಾಡಿದ ಸಾರದ ಮಾತು. ನಿಮ್ಮ ಕಂದು ಪುಡಿಗೆ ಈ ಪ್ರಯೋಗಗಳ ಸರ್ಟಿಫಿಕೇಟು ಅಂಟುವುದಿಲ್ಲ.

ಅವ್ವನ ವಿಷಯ ಬೇಗ ಮುಗಿಸುತ್ತೇನೆ, ಬೇಡ. 68 ವಯಸ್ಸು, ಬಿಪಿ ಮಾತ್ರೆ, ರಾತ್ರಿ ಎದ್ದು ಬಚ್ಚಲಿಗೆ ಹೋಗುವ ವಯಸ್ಸು. ಇದನ್ನು ಅಗಿದವರಿಗೆ ಮೊದಲು ಚುರುಕು, ಆಮೇಲೆ ಮಂಪರು ಬರುವುದುಂಟು. ಮಂಪರಿನಲ್ಲಿ ಕಾಲು ಜಾರಿ ಸೊಂಟ ಮುರಿದುಕೊಂಡರೆ ನಿದ್ದೆಯ ಮಾತೇ ಮರೆತುಹೋಗುತ್ತದೆ. ಅವರಿಗೆ ನಿದ್ದೆ ಯಾಕೆ ಬರುತ್ತಿಲ್ಲ ನೋಡಿ. ಮಧ್ಯಾಹ್ನ ಎರಡು ತಾಸು ಮಲಗುತ್ತಾರಾ? ಸಂಜೆ ಆರರ ಮೇಲೆ ಚಹಾ ಕುಡಿಯುತ್ತಾರಾ? ಬಿಪಿ ಮಾತ್ರೆಯ ಜೊತೆ ಮೂತ್ರ ಹೆಚ್ಚು ಮಾಡಿಸುವ ಔಷಧ ಸೇರಿದ್ದು, ಅದನ್ನು ರಾತ್ರಿ ತೆಗೆದುಕೊಳ್ಳುತ್ತಿದ್ದಾರಾ? ಹಾಗಿದ್ದರೆ ಹೊತ್ತು ಬದಲಾಯಿಸಬಹುದಾ ಎಂದು ಅವರ ಡಾಕ್ಟರನ್ನು ಕೇಳಿದರೆ ಸಾಕು. ಎಷ್ಟೋ ಮನೆಗಳಲ್ಲಿ ನಿದ್ದೆ ಅಲ್ಲೇ ಸಿಗುತ್ತದೆ. ಬಸುರಿಯರು, ಮಗುವಿಗೆ ಹಾಲು ಕುಡಿಸುವವರು ಮನೆಯಲ್ಲಿದ್ದರೆ ಅವರಿಗೂ ಇದು ಬೇಡ. ಖೋಯ್ ತಾಯಂದಿರು ಹೊಟ್ಟೆನೋವಿಗೆ ಮಕ್ಕಳಿಗೆ ಒಂದು ಹನಿ ಕೊಡುತ್ತಿದ್ದರು ಎಂದು ಓದಿ ಯಾರಾದರೂ ಪ್ರಯತ್ನ ಮಾಡಬಾರದು ಎಂದು ಇದನ್ನು ಬರೆದೆ.

ಈಗ ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನ್ನಿಸಿದ ಸಾಲಿಗೆ ಬರುತ್ತೇನೆ. ‘ಜೀವನಪೂರ್ತಿ ಮಾತ್ರೆ ನುಂಗಬೇಕೇನೋ.’ ಡಬ್ಬಿಗಿಂತ ನಿಮ್ಮನ್ನು ಕಾಡುತ್ತಿರುವುದು ಇದು, ಅಲ್ವಾ? ಇದನ್ನು ಡಾಕ್ಟರ ಹತ್ತಿರ ಬಾಯಿಬಿಟ್ಟು ಕೇಳಿದ್ದೀರಾ? ಬಹಳಷ್ಟು ಜನ ಕೇಳುವುದಿಲ್ಲ. ಹೊರಗೆ ಕ್ಯೂ ಇರುತ್ತದೆ, ಡಾಕ್ಟರು ‘ಹೇಗಿದ್ದೀರಿ’ ಅನ್ನುತ್ತಾರೆ, ಇವರು ‘ಆರಾಮ ಸರ್’ ಅನ್ನುತ್ತಾರೆ, ಅದೇ ಚೀಟಿ ಮುಂದುವರಿಯುತ್ತದೆ. ಗಾಬರಿಗೆ ಕೊಡುವ ಈ ಮಾತ್ರೆಯನ್ನು ಸಾಮಾನ್ಯವಾಗಿ ಆರಾಮಾದ ಮೇಲೂ ಆರು ತಿಂಗಳಿಂದ ಒಂದು ವರ್ಷ ಮುಂದುವರಿಸುತ್ತಾರೆ. ಗಾಬರಿ ಮತ್ತೆ ಮರುಕಳಿಸದಿರಲಿ ಅಂತ. ಆಮೇಲೆ ಪ್ರಮಾಣ ಮೆಲ್ಲಗೆ ಇಳಿಸಿ ನಿಲ್ಲಿಸುವುದುಂಟು. ಕೆಲವರಿಗೆ ಹೆಚ್ಚು ಕಾಲ ಬೇಕಾಗುತ್ತದೆ, ಎಲ್ಲರಿಗೂ ಅಲ್ಲ. ನೀವು ಏಳನೇ ತಿಂಗಳಿನಲ್ಲಿದ್ದೀರಿ. ಈ ಮಾತು ಎತ್ತಲು ಇದು ಸರಿಯಾದ ಹೊತ್ತು.

ಆದರೆ ಒಂದು ಬೆಳಿಗ್ಗೆ ಎದ್ದು ‘ಇವತ್ತಿನಿಂದ ಬಂದ್’ ಎಂದು ನಿಲ್ಲಿಸಬೇಡಿ. ಥಟ್ಟನೆ ನಿಲ್ಲಿಸಿದರೆ ಎರಡು ಮೂರು ದಿನದಲ್ಲಿ ತಲೆ ಸುತ್ತು, ಸಿಡುಕು, ವಿಚಿತ್ರ ಕನಸು ಬರಬಹುದು. ತಲೆಯೊಳಗೆ ಸಣ್ಣಗೆ ಕರೆಂಟ್ ಹೊಡೆದ ಹಾಗೆ ಆಗುವುದೂ ಉಂಟು. ಹೀಗೆ ನಿಲ್ಲಿಸಿ ಗಿಡದ ಪುಡಿ ಶುರುಮಾಡಿದವರು ‘ನೋಡಿ, ಪುಡಿ ತಿಂದರೆ ತಲೆ ಸುತ್ತುತ್ತೆ’ ಅನ್ನುತ್ತಾರೆ. ಇಲ್ಲವೇ ಮೊದಲ ವಾರ ಏನೂ ಆಗದಿದ್ದರೆ ‘ಪುಡಿಯೇ ಕಾಪಾಡಿತು’ ಅನ್ನುತ್ತಾರೆ. ಹಳೆಯ ಮಾತ್ರೆಯ ಅಂಶ ಮೈಯಲ್ಲಿ ಇನ್ನೂ ಕೆಲವು ದಿನ ಇರುತ್ತದೆ, ಅದರ ಫಲವನ್ನು ಪುಡಿಯ ಲೆಕ್ಕಕ್ಕೆ ಬರೆಯುತ್ತಾರೆ. ನಿಮ್ಮ ಡಾಕ್ಟರು ಸಿಗುವುದು ತಡವಾದರೆ, ನಡುವೆ ಮನಸ್ಸು ಕೆಟ್ಟರೆ, 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ, 2022ರ ಅಕ್ಟೋಬರಿನಲ್ಲಿ ಶುರುವಾದದ್ದು. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ನಿಮ್ಮ ತಮ್ಮನ ಮೇಲೆ ಸಿಟ್ಟಾಗಬೇಡಿ. ಅಕ್ಕ ಕಷ್ಟದಲ್ಲಿದ್ದಾಳೆ ಎಂದು ಹುಡುಕಿ ತಂದಿದ್ದಾನೆ. ಅವನಿಗೆ ಹೇಳಲು ಒಂದು ಒಳ್ಳೆಯ ವಿಷಯವೂ ಇದೆ. ಆ ಕ್ಯಾಪ್ಸೂಲ್ ಯಾವ ಕಂಪನಿಯದು ನೋಡಲಿ. ಕಾಡಿನ ಜನರ ಗಿಡದ ಗುಟ್ಟನ್ನು ಯಾರೋ ಪೇಟೆಂಟ್ ಮಾಡಿ ದುಡ್ಡು ಮಾಡುವ ಕಥೆ ನಮಗೆ ಹೊಸದಲ್ಲ. ಕನ್ನಾ ವಿಷಯದಲ್ಲಿ 2008ರಲ್ಲಿ ಸಾನ್ ಜನರ ಮಂಡಳಿ ಮತ್ತು ಜೆಂಬ್ರಿನ್ ತಯಾರಿಸುವ ಕಂಪನಿ ಒಪ್ಪಂದ ಮಾಡಿಕೊಂಡವು. ಬರುವ ಲಾಭದಲ್ಲಿ ಒಂದು ಪಾಲು ಆ ಜನಕ್ಕೆ. ಅದರಲ್ಲಿ ನಾಮಾಕ್ವಾಲ್ಯಾಂಡಿನ ಪಾಲ್ಸ್‌ಹುಕ್ ಮತ್ತು ನುರಿವಿಯರ್ ಎಂಬ ಎರಡು ಹಳ್ಳಿಗಳಿಗೂ ಪಾಲು. ಗಿಡದ ಬಳಕೆ ಹೇಳಿಕೊಟ್ಟವರು ಆ ಊರಿನವರು. ಇದಕ್ಕೂ ಮೊದಲು ಹೂಡಿಯಾ ಎಂಬ ಹಸಿವು ತಡೆಯುವ ಗಿಡದ ವಿಷಯದಲ್ಲಿ ಸಾನ್ ಜನರನ್ನು ಕೇಳದೆಯೇ ಪೇಟೆಂಟ್ ಆಗಿ, ಗಲಾಟೆ ಆಗಿ, 2003ರಲ್ಲಿ ರಾಜಿಯಾಗಿತ್ತು. ಆ ಪೆಟ್ಟಿನಿಂದ ಕಲಿತದ್ದು ಇಲ್ಲಿ ಕೆಲಸಕ್ಕೆ ಬಂತು. ನಮ್ಮ ಪಕ್ಕದ ಕೇರಳದ ಕಾಣಿ ಬುಡಕಟ್ಟಿನವರಿಗೆ ಆರೋಗ್ಯಪಚ್ಚ ಎಂಬ ಗಿಡದಿಂದ ಬಂದ ಔಷಧದ ಲಾಭದಲ್ಲಿ ಪಾಲು ಕೊಟ್ಟದ್ದು ಇದಕ್ಕೂ ಹಳೆಯ ಸುದ್ದಿ. ಸಂತೆಯಲ್ಲಿ ಸಿಗುವ, ಯಾರು ಕಿತ್ತರೋ ಎಲ್ಲಿ ಕಿತ್ತರೋ ಗೊತ್ತಿಲ್ಲದ ಪುಡಿಗೆ ಈ ಪಾಲಿನ ಲೆಕ್ಕ ಇಲ್ಲ. ಪೊಟ್ಟಣದ ಪುಡಿ ನನಗೆ ಹಿಡಿಸದಿರಲು ಅದೂ ಒಂದು ಕಾರಣ.

ಹಾಗಾದರೆ ಡಬ್ಬಿಯನ್ನು ಏನು ಮಾಡುವುದು? ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಚೀಲದಲ್ಲಿ ಹಾಕಿಕೊಂಡು ಹೋಗಿ, ಮೇಜಿನ ಮೇಲಿಡಿ. ‘ಇದನ್ನು ತಂದುಕೊಟ್ಟಿದ್ದಾರೆ, ನಾನು ತಿಂದಿಲ್ಲ. ನನ್ನ ಮಾತ್ರೆ ಎಷ್ಟು ದಿನ?’ ಎಂದು ಕೇಳಿ. ಎರಡು ಮಾತೂ ಒಟ್ಟಿಗೆ ಆಗುತ್ತದೆ. ಮಾತ್ರೆ ನಿಲ್ಲಿಸಿದ ಮೇಲೆ ಮುಂದೊಂದು ದಿನ ಕನ್ನಾ ನೋಡೋಣ ಅನ್ನಿಸಿದರೆ, ಆಗಲೂ ಮೊದಲು ಅವರನ್ನು ಕೇಳಿ. ಎಸಿಟಲೋಪ್ರಾಮ್ ಮೈಯಿಂದ ಪೂರ್ತಿ ಹೋಗಲು ಒಂದು ವಾರದ ಹತ್ತಿರ ಹಿಡಿಯುತ್ತದೆ. ಫ್ಲೂಆಕ್ಸೆಟಿನ್ ಎಂಬ ಅದರ ಸೋದರ ಮಾತ್ರೆಗಾದರೆ ಹಲವು ವಾರಗಳೇ ಬೇಕು. ಪೊಟ್ಟಣದ ಪುಡಿಯನ್ನು ಮಾತ್ರ ಮನೆಯಲ್ಲಿ ಇಡಬೇಡಿ. ಅಡುಗೆಮನೆಯ ಡಬ್ಬಿಗಳ ನಡುವೆ ಕೂತರೆ ಯಾರಾದರೂ ಕಷಾಯದ ಪುಡಿ ಎಂದು ಚಹಾಕ್ಕೆ ಹಾಕಿಯೇ ಹಾಕುತ್ತಾರೆ.

ಕೊನೆಯ ಪ್ರಶ್ನೆ, ಕುಂಡದಲ್ಲಿ ಬರುತ್ತದಾ? ಒಣ ಸೀಮೆಯ ಗಿಡ ಅದು. ಧಾರವಾಡದ ಜೂನ್ ಜುಲೈ ಜಿಟಿಜಿಟಿ ಮಳೆಗೆ ಬೇರು ಕೊಳೆಯುತ್ತದೆ. ಮರಳು ಜಾಸ್ತಿ ಹಾಕಿ, ಮಳೆಗಾಲದಲ್ಲಿ ಒಳಗಿಟ್ಟರೆ ಬದುಕೀತು. ಆದರೆ ಬೀಜವೋ ಕಡ್ಡಿಯೋ ತರಲು ಅಲ್ಲಿಯ ಪರವಾನಗಿ, ಇಲ್ಲಿಯ ಪರವಾನಗಿ ಎಲ್ಲ ಬೇಕು, ತಮ್ಮನಿಗೆ ಆ ಕೆಲಸ ಹೇಳಬೇಡಿ. ಇದೇ ಕುಟುಂಬದ, ಇದೇ ದಕ್ಷಿಣ ಆಫ್ರಿಕಾದಿಂದ ಬಂದ ಒಂದು ಗಿಡ ನಮ್ಮ ನರ್ಸರಿಗಳಲ್ಲಿ ಈಗಾಗಲೇ ಇದೆ. ತೂಗುಕುಂಡದಿಂದ ಇಳಿಬಿದ್ದು, ಹೃದಯದಂಥ ಹಸಿರು ಎಲೆ, ಪುಟ್ಟ ಕೆಂಗುಲಾಬಿ ಹೂ ಬಿಡುವ ಬೇಬಿ ಸನ್ ರೋಸ್. ಅದನ್ನು ತಂದು ಬಿಸಿಲಿರುವ ಕಿಟಕಿಗೆ ಕಟ್ಟಿ. ತಿನ್ನಬೇಡಿ, ನೋಡಿ ಅಷ್ಟೇ. ಈ ಕುಟುಂಬದ ಗಿಡಗಳ ಕಾಯಿಗೆ ಒಂದು ಗುಣ ಇದೆ, ಮಕ್ಕಳಿಗೆ ತರಗತಿಯಲ್ಲಿ ತೋರಿಸಲು ಚೆನ್ನ. ಬೇರೆ ಗಿಡಗಳ ಕಾಯಿ ಒಣಗಿದರೆ ಒಡೆಯುತ್ತದೆ, ಇವುಗಳ ಕಾಯಿ ನೆನೆದರೆ ತೆರೆಯುತ್ತದೆ. ಮಳೆ ಬಂದಾಗಲೇ ಬೀಜ ಬಿಡಲಿ ಎಂದು ಬರಗಾಲದ ಸೀಮೆಯಲ್ಲಿ ಕಲಿತ ಜಾಣತನ. ಒಂದು ಒಣ ಕಾಯಿ ಅಂಗೈಯಲ್ಲಿಟ್ಟು ಒಂದು ಹನಿ ನೀರು ಬಿಡಿ. ಸ್ವಲ್ಪ ಹೊತ್ತು ಕಾಯಬೇಕು, ಆಮೇಲೆ ಪುಟ್ಟ ನಕ್ಷತ್ರದ ಹಾಗೆ ಬಿಚ್ಚಿಕೊಳ್ಳುತ್ತದೆ.